ಗಾಡಿ ದೊಡ್ಡದಾದರೆ ತೆರಿಗೆಯೂ ದೊಡ್ಡದಾಗಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಮೂರು ಪತ್ರ ತೆರಿಗೆಯ ಬಗ್ಗೆಯೇ ಉಂಟು. ಉಡುಪಿಯ ಕಿನ್ನಿಮೂಲ್ಕಿಯಲ್ಲಿ 34 ವರ್ಷ ಗ್ಯಾರೇಜ್ ನಡೆಸಿದವನು ನಾನು. ತೆರಿಗೆ ನನ್ನ ಕೆಲಸವಲ್ಲ, ಹೊಗೆ ನನ್ನ ಕೆಲಸ. ಎರಡಕ್ಕೂ ಸಂಬಂಧ ಇರುವುದರಿಂದ ಮೂರಕ್ಕೂ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಏಳು ಸೀಟಿನ ಡೀಸೆಲ್ ಎಸ್‌ಯುವಿ ಬುಕ್ ಮಾಡಿದ್ದೇನೆ. ಶೋರೂಮ್ ಬೆಲೆ 22 ಲಕ್ಷ. ರೋಡ್ ಟ್ಯಾಕ್ಸ್ ಅಂತಲೇ 3,96,000 ರೂಪಾಯಿ, ಮೇಲೆ ಸೆಸ್ ಬೇರೆ. ನನ್ನ ಭಾವ 4,90,000ದ ಸಣ್ಣ ಕಾರು ತೆಗೆದುಕೊಂಡರು, ಅವರಿಗೆ 63,700 ಮಾತ್ರ. ಇಬ್ಬರೂ ಹೋಗುವುದು ಅದೇ ರಸ್ತೆಯಲ್ಲಿ, ಬೀಳುವುದು ಅದೇ ಗುಂಡಿಗೆ. ಮನೆಯಲ್ಲಿ ಅಪ್ಪ ಅಮ್ಮ ಸೇರಿ ಏಳು ಜನ ಇದ್ದೇವೆ, ಸಣ್ಣ ಕಾರಿನಲ್ಲಿ ಹಿಡಿಸುವುದಿಲ್ಲ. ಅಗತ್ಯಕ್ಕೆ ದೊಡ್ಡ ಗಾಡಿ ತೆಗೆದುಕೊಂಡವನಿಗೆ ಇಷ್ಟು ತೆರಿಗೆ ಹಾಕುವುದು ನ್ಯಾಯವಾ ಸರ್?
— ಓದುಗರು, ಸಂತೆಕಟ್ಟೆ

ಉತ್ತರ: ನಿಮಗೆ ಬೇಸರವಾದರೂ ಹೇಳುತ್ತೇನೆ. ಭಾರದ, ಹೊಗೆಯ ಗಾಡಿಗೆ ಜಾಸ್ತಿ ತೆರಿಗೆ ಹಾಕುವುದು ನ್ಯಾಯವೇ. ಆದರೆ ನಿಮ್ಮಿಂದ ತೆಗೆದುಕೊಂಡ 3,96,000 ಭಾರಕ್ಕೂ ಅಲ್ಲ, ಹೊಗೆಗೂ ಅಲ್ಲ. ಅದು ಬೆಲೆಯ ಮೇಲಿನ ತೆರಿಗೆ. ನನ್ನ ತಕರಾರು ಇರುವುದು ಅಲ್ಲಿ.

ನಮ್ಮ ರಾಜ್ಯದಲ್ಲಿ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಿತಾವಧಿ ತೆರಿಗೆ ಹೀಗೆ: 5 ಲಕ್ಷದವರೆಗೆ ಶೇ. 13, 10 ಲಕ್ಷದವರೆಗೆ ಶೇ. 14, 20 ಲಕ್ಷದವರೆಗೆ ಶೇ. 17, ಅದಕ್ಕಿಂತ ಮೇಲೆ ಶೇ. 18. ಮೆಟ್ಟಿಲು ಹತ್ತಿದರೆ ಹತ್ತಿದಷ್ಟಕ್ಕೆ ಮಾತ್ರ ಅಲ್ಲ, ಪೂರ್ತಿ ಬೆಲೆಗೇ ಹೊಸ ದರ. 9,99,000ದ ಕಾರಿಗೆ ಸುಮಾರು 1,40,000 ಆದರೆ, 10,01,000ದ ಕಾರಿಗೆ 1,70,000. ಎರಡು ಸಾವಿರದ ವ್ಯತ್ಯಾಸಕ್ಕೆ ಮೂವತ್ತು ಸಾವಿರ! ಇನ್ನೊಂದು ನೋಡಿ. ಒಂದು ಲಕ್ಷ ದಾಟಿದ ಬೈಕಿಗೂ ಶೇ. 18. ಮಣಿಪಾಲದಲ್ಲಿ ಮಳೆಯಲ್ಲಿ ನೆನೆಯುತ್ತಾ ಊಟದ ಪಾರ್ಸೆಲ್ ಕೊಡುವ ಹುಡುಗನ ಬೈಕ್ 130 ಕಿಲೋ ಭಾರ ಇರಬಹುದು. ಬೆಲೆ 1,10,000 ಆದರೆ ಅವನು ಕಟ್ಟುವುದು 19,800. ಎರಡು ಟನ್ನಿನ ನಿಮ್ಮ ಗಾಡಿಗೂ ಅವನ ಬೈಕಿಗೂ ಒಂದೇ ದರ. ನ್ಯಾಯದ ಮಾತು ಬಂದರೆ ಮೊದಲು ಕೇಳಬೇಕಾದವನು ಆ ಹುಡುಗ ಅಂತ ನನಗೆ ಅನಿಸುತ್ತದೆ.

ಅದೇ 22 ಲಕ್ಷಕ್ಕೆ ಲೀಟರಿಗೆ ಇಪ್ಪತ್ತು ಕಿಲೋಮೀಟರಿಗಿಂತ ಜಾಸ್ತಿ ಕೊಡುವ ಪೆಟ್ರೋಲ್ ಹೈಬ್ರಿಡ್ ತೆಗೆದುಕೊಂಡರೂ ಶೇ. 18ರ ಲೆಕ್ಕವೇ. ಹೊಗೆ ಕಡಿಮೆ ಮಾಡಿದವರಿಗೆ ಒಂದು ರೂಪಾಯಿಯ ಲಾಭವೂ ಇಲ್ಲ.

ಈಗ ನೀವು ಹೇಳಿದ ರಸ್ತೆ ಗುಂಡಿಯ ವಿಷಯ. ‘ದೊಡ್ಡ ಗಾಡಿ ರಸ್ತೆ ಹಾಳು ಮಾಡುತ್ತದೆ, ಅದಕ್ಕೇ ತೆರಿಗೆ’ ಅಂತ ಕೆಲವರು ಹೇಳುತ್ತಾರೆ. ಅರ್ಧ ಸತ್ಯ ಅದು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಬೇರೆ ಬೇರೆ ದಪ್ಪದ ರಸ್ತೆ ಹಾಸಿ, ಅದರ ಮೇಲೆ ಎರಡು ವರ್ಷ ಲಾರಿ ಸುತ್ತಿಸಿ ಪರೀಕ್ಷೆ ಮಾಡಿದರು. ಆಕ್ಸಲ್, ಅಂದರೆ ಎರಡು ಬದಿಯ ಚಕ್ರ ಜೋಡಿಸುವ ಅಡ್ಡ ಸಲಾಕೆಯ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಸುಮಾರು ಹದಿನಾರು ಪಟ್ಟಾಗುತ್ತದೆ ಅಂತ ಗೊತ್ತಾಯಿತು. ಹಳೆಯ ಮಾರುತಿ 800 ಸುಮಾರು 650 ಕಿಲೋ. ನಿಮ್ಮದು ಅದರ ಮೂರು ಪಟ್ಟು. ಹಾಗಾದರೆ ಪೆಟ್ಟು ಎಂಬತ್ತು ಪಟ್ಟು! ಕೇಳಿದರೆ ಹೆದರಿಕೆಯಾಗುತ್ತದೆ. ಆದರೆ ನಿಮ್ಮ ಗಾಡಿಯ ಒಂದು ಆಕ್ಸಲ್ ಮೇಲೆ ಬೀಳುವುದು ಒಂದು ಟನ್. ಪಣಂಬೂರು ಬಂದರಿಗೆ ಹೋಗುವ ಲಾರಿಯ ಆಕ್ಸಲ್ ಮೇಲೆ ಹತ್ತು ಟನ್. ಅದೇ ಲೆಕ್ಕದಲ್ಲಿ ಅದರ ಪೆಟ್ಟು ನಿಮ್ಮದರ ಹತ್ತು ಸಾವಿರ ಪಟ್ಟು. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟಯರಿನ ಒಂದು ಆಕ್ಸಲ್‌ನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಹಾಗಾಗಿ ನಂತೂರಿನ ಗುಂಡಿಗೆ ನಿಮ್ಮನ್ನು ನಾನು ಹೊಣೆ ಮಾಡುವುದಿಲ್ಲ. ಲಾರಿ ಮತ್ತು ಮಳೆ, ಎರಡೂ ಸೇರಿ ಮಾಡಿದ್ದು ಅದು.

ಹಾಗಾದರೆ ಜಾಸ್ತಿ ತೆರಿಗೆ ಯಾಕೆ ನ್ಯಾಯ ಅಂತೀರಾ? ಒಂದು ಜಾಗ. ಇನ್ನೊಂದು ಹೊಗೆ.

ಜಾಗದ ಮಾತು ನಿಮಗೇ ಗೊತ್ತು. ಸಂಜೆ ಆರು ಗಂಟೆಗೆ ಕಲ್ಸಂಕದಲ್ಲಿ ನಿಂತವರಿಗೆ ವಿವರಿಸಬೇಕಾಗಿಲ್ಲ. ಮಂಗಳೂರಿನ ಕಾರ್‌ಸ್ಟ್ರೀಟಿನಲ್ಲಿ ಒಂದು ದೊಡ್ಡ ಗಾಡಿ ಬದಿಗೆ ನಿಂತರೆ ಹೂ ತೆಗೆದುಕೊಳ್ಳಲು ಬಂದವರು ರಸ್ತೆ ಮಧ್ಯಕ್ಕೆ ಇಳಿದು ನಡೆಯಬೇಕು. 2024ರ ಫೆಬ್ರವರಿಯಲ್ಲಿ ಪ್ಯಾರಿಸ್ ನಗರದಲ್ಲಿ ಇದೇ ವಿಷಯಕ್ಕೆ ಜನರ ಮತ ಕೇಳಿದರು. ಹೊರಗಿನಿಂದ ಬರುವ, 1.6 ಟನ್ನಿಗಿಂತ ಭಾರದ ಪೆಟ್ರೋಲ್, ಡೀಸೆಲ್ ಕಾರಿಗೆ ಪಾರ್ಕಿಂಗ್ ಶುಲ್ಕ ಮೂರು ಪಟ್ಟು ಮಾಡಬೇಕೇ ಅಂತ. ಮತ ಹಾಕಿದವರಲ್ಲಿ ಶೇ. 54ಕ್ಕಿಂತ ಜಾಸ್ತಿ ಜನ ಹೌದು ಅಂದರು. ಮತ ಹಾಕಲು ಬಂದವರು ಮಾತ್ರ ನೂರಕ್ಕೆ ಆರು ಜನವೂ ಇಲ್ಲ. ಅದೇ ವರ್ಷ ಅಕ್ಟೋಬರಿನಿಂದ ನಗರದ ನಡುಭಾಗದಲ್ಲಿ ಅಂಥ ಗಾಡಿಗೆ ಗಂಟೆಗೆ 18 ಯುರೋ ಆಯಿತು. ಅಲ್ಲಿ ಅಳೆದದ್ದು ಭಾರವನ್ನು, ಬೆಲೆಯನ್ನಲ್ಲ. ಫ್ರಾನ್ಸಿನಲ್ಲಿ ಹೊಸ ಗಾಡಿಗೆ ಭಾರದ ತೆರಿಗೆಯೂ ಉಂಟು. ಮೂರು ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ಮನೆಗೆ ಆ ಲೆಕ್ಕದಲ್ಲಿ ರಿಯಾಯಿತಿ ಇಟ್ಟಿದ್ದಾರೆ. ಏಳು ಜನರ ನಿಮ್ಮ ಮನೆಗೂ ಅಂಥದ್ದೊಂದು ಬೇಕು ಅಂತ ನೀವು ಕೇಳಿದರೆ ನಾನು ನಿಮ್ಮ ಜೊತೆ ನಿಲ್ಲುತ್ತೇನೆ.

ಇನ್ನು ಹೊಗೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್, ಪೆಟ್ರೋಲ್ ಆದರೆ 2.3 ಕಿಲೋ. ಎಷ್ಟೇ ಹೊಸ ಇಂಜಿನ್ ಇರಲಿ, ಇದು ಬದಲಾಗುವುದಿಲ್ಲ. ನಿಮ್ಮದು ಊರೊಳಗೆ ಲೀಟರಿಗೆ 11 ಕೊಟ್ಟರೆ ಕಿಲೋಮೀಟರಿಗೆ 245 ಗ್ರಾಂ. ಭಾವನದು 20 ಕೊಟ್ಟರೆ 115 ಗ್ರಾಂ. ಏಳು ಜನ ಕೂತು ಧರ್ಮಸ್ಥಳಕ್ಕೆ ಹೋಗಿ ಬಂದರೆ ತಲೆಗೆ 35 ಗ್ರಾಂ, ಭಾವ ಒಬ್ಬರೇ ಕಾರಿನಲ್ಲಿ ಹೋಗುವುದಕ್ಕಿಂತ ನಿಮ್ಮದೇ ವಾಸಿ. ಆದರೆ ವಾರದ ಆರು ದಿನ ಆ ಗಾಡಿಯಲ್ಲಿ ಕೂರುವವರು ಎಷ್ಟು ಜನ? ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸು ನಿಮ್ಮ ಗಾಡಿಗಿಂತ ಎಷ್ಟೋ ದೊಡ್ಡದು. ಲೀಟರಿಗೆ ನಾಲ್ಕೂವರೆ ಓಡಿದರೂ, ನಲವತ್ತು ಜನ ಇದ್ದರೆ ತಲೆಗೆ 15 ಗ್ರಾಂ. ಬಸ್ಸಿನವರು ಸೀಟಿನ ಲೆಕ್ಕದಲ್ಲಿ ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟುತ್ತಲೇ ಇರುತ್ತಾರೆ. ನಾವು ಕಾರಿನವರು ಒಂದೇ ಸಲ ಕಟ್ಟಿ ಮರೆತುಬಿಡುತ್ತೇವೆ.

ಒಂದು ದೃಶ್ಯ ಹೇಳುತ್ತೇನೆ. ಮೊಮ್ಮಗಳನ್ನು ಶಾಲೆಗೆ ಬಿಡಲು ದಿನಾ ನಡೆದೇ ಹೋಗುತ್ತೇನೆ. ಬೆಳಿಗ್ಗೆ ಎಂಟೂಮುಕ್ಕಾಲಿಗೆ ಗೇಟಿನ ಮುಂದೆ ದೊಡ್ಡ ಗಾಡಿಗಳ ಸಾಲು. ಎಸಿ ನಿಲ್ಲಬಾರದು ಅಂತ ಇಂಜಿನ್ ಆಫ್ ಮಾಡುವುದಿಲ್ಲ. ಮೊನ್ನೆ ಒಂದು ಹಳೆಯ ಡೀಸೆಲ್ ಗಾಡಿ ಹಿಂದೆ ಮುಂದೆ ಮಾಡುತ್ತಿತ್ತು. ಸೈಲೆನ್ಸರಿನ ಬಾಯಿ ನನ್ನ ಮೊಣಕಾಲಿನ ಮಟ್ಟಕ್ಕಿತ್ತು. ಯುಕೆಜಿ ಮಗು ಶೂ ಲೇಸ್ ಕಟ್ಟಲು ಬಗ್ಗಿದರೆ ಮುಖ ಸರಿಯಾಗಿ ಅಲ್ಲಿಗೇ ಬರುತ್ತದೆ. ಎಕ್ಸಲರೇಟರ್ ಒತ್ತಿದ ಕೂಡಲೇ ಕಪ್ಪು ಹೊಗೆ ಬಂತು, ಮೊಮ್ಮಗಳ ಬಿಳಿ ಸಾಕ್ಸ್ ಮೇಲೆ ಮಸಿ ಕೂತಿತು. ನೆಲಕ್ಕೆ ಬಗ್ಗಿ ಸಾಕ್ಸ್ ಕೊಡವಿದೆ, ಹೋಗಲಿಲ್ಲ. ಆ ಮಸಿ ಇಂಜಿನ್ ಆಯಿಲ್ ಹಾಗೆಯೇ, ಸೋಪಿಗೂ ಬಗ್ಗುವುದಿಲ್ಲ. ಎದೆಯೊಳಗೆ ಹೋದದ್ದನ್ನು ಯಾವುದರಲ್ಲಿ ತೊಳೆಯುವುದು?

ನಿಮ್ಮದು ಹೊಸ ಗಾಡಿ, ಬಿಎಸ್-6, ಅಂದರೆ ಹೊಗೆಯ ಮಿತಿಗೆ ಸರ್ಕಾರ ಇಟ್ಟ ಈಗಿನ ಮಾನದಂಡ. ಬಿಎಸ್-4, ಬಿಎಸ್-3 ಅದಕ್ಕಿಂತ ಹಳೆಯವು. ಡೀಸೆಲ್ ಕಾರಿನ ಮಸಿಯ ಮಿತಿ ಬಿಎಸ್-4ರಲ್ಲಿ ಕಿಲೋಮೀಟರಿಗೆ 25 ಮಿಲಿಗ್ರಾಂ ಇದ್ದದ್ದು 2020ರ ಏಪ್ರಿಲ್‌ನಿಂದ 4.5ಕ್ಕೆ ಇಳಿದಿದೆ. ಅದಕ್ಕಾಗಿ ಪೈಪಿನ ದಾರಿಯಲ್ಲಿ ಡಿಪಿಎಫ್ ಕೂರಿಸಿರುತ್ತಾರೆ, ಜೇನುಗೂಡಿನಂಥ ಜರಡಿ. ಮಸಿ ಅದರಲ್ಲಿ ನಿಲ್ಲುತ್ತದೆ. ಆಮೇಲೆ ಚೆನ್ನಾಗಿ ಬಿಸಿಯಾದಾಗ ಅಲ್ಲೇ ಸುಟ್ಟುಹೋಗುತ್ತದೆ. ಶಾಲೆಗೆ ಎರಡು ಕಿಲೋಮೀಟರ್, ಪೇಟೆಗೆ ಮೂರು ಕಿಲೋಮೀಟರ್ ಅಂತ ಓಡಿಸಿದರೆ ಅದು ಬಿಸಿಯೇ ಆಗುವುದಿಲ್ಲ. ಜರಡಿ ಕಟ್ಟುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಬರುತ್ತದೆ. ಆಗ ಸಂತೆಕಟ್ಟೆಯಿಂದ ಹೆದ್ದಾರಿ ಹಿಡಿದು ಪಡುಬಿದ್ರಿವರೆಗೆ ಒಂದೇ ವೇಗದಲ್ಲಿ ಓಡಿಸಿ ಬನ್ನಿ. ‘ಡಿಪಿಎಫ್ ಕಿತ್ತು ಬಿಸಾಡಿ, ಪಿಕಪ್ ಜಾಸ್ತಿಯಾಗುತ್ತದೆ’ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ನನ್ನ ಹತ್ತಿರವೂ ಹಾಗೆ ಕೇಳಿಕೊಂಡು ಬಂದವರಿದ್ದರು. ಒಬ್ಬರಿಗೂ ಮಾಡಿಕೊಡಲಿಲ್ಲ. ಎರಡು ಗಿರಾಕಿ ಹೋದವು, ಹೋಗಲಿ.

ತೆರಿಗೆ ಹಾಕಿದರೆ ಏನೂ ಬದಲಾಗುವುದಿಲ್ಲ ಅನ್ನುವವರಿಗೆ ಒಂದು ಮಾತು. ನಾಲ್ಕು ಮೀಟರಿಗಿಂತ ಉದ್ದ ಕಡಿಮೆಯಿದ್ದರೆ ತೆರಿಗೆ ಕಡಿಮೆ ಅಂತ 2006ರಲ್ಲಿ ಕೇಂದ್ರ ಸರ್ಕಾರ ಮಾಡಿತು. ಈಗ ಗ್ಯಾರೇಜಿಗೆ ಬರುವ ಸಣ್ಣ ಕಾರುಗಳಿಗೆ ಟೇಪ್ ಹಿಡಿದು ನೋಡಿ, ಎಷ್ಟೋ ಕಾರು 3,995 ಮಿಲಿಮೀಟರ್. ಸರ್ಕಾರ ಉದ್ದ ಅಳೆಯಿತು, ಕಂಪನಿಗಳು ಉದ್ದ ಕತ್ತರಿಸಿದವು. ಭಾರ ಅಳೆದರೆ ಭಾರ ಕಡಿಮೆ ಮಾಡುತ್ತಾರೆ, ಹೊಗೆ ಅಳೆದರೆ ಹೊಗೆ. ಬೆಲೆ ಅಳೆದರೆ ಎರಡೂ ಆಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ನಿಮ್ಮಂಥ ಗಾಡಿಯ ಜಿಎಸ್‌ಟಿ, ಸೆಸ್ ಸೇರಿ ಶೇ. 50 ಇದ್ದದ್ದು ಶೇ. 40ಕ್ಕೆ ಇಳಿದದ್ದನ್ನೂ ಮರೆಯಬೇಡಿ. ಇಲ್ಲಿ ಕೊಟ್ಟದ್ದರಲ್ಲಿ ಸ್ವಲ್ಪ ಅಲ್ಲಿ ಉಳಿದಿದೆ.

ಪ್ರಶ್ನೆ: ಎಲೆಕ್ಟ್ರಿಕ್ ಎಸ್‌ಯುವಿಯಲ್ಲಿ ಹೊಗೆಯೇ ಇಲ್ಲ. ಅದಕ್ಕೂ ತೆರಿಗೆ ಯಾಕೆ ಬೇಕು?
— ಓದುಗರು, ಕದ್ರಿ, ಮಂಗಳೂರು

ಉತ್ತರ: ಪೈಪಿನಲ್ಲಿ ಹೊಗೆ ಇಲ್ಲ, ಅದು ದೊಡ್ಡ ವಿಷಯವೇ. ಅದಕ್ಕೇ 2016ರಲ್ಲಿ ನಮ್ಮ ರಾಜ್ಯ ವಿನಾಯಿತಿ ಕೊಟ್ಟಿತು. 2024ರಲ್ಲಿ 25 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಎಲೆಕ್ಟ್ರಿಕ್ ಕಾರಿಗೆ ಶೇ. 10 ಹಾಕಿದರು. ಬ್ಯಾಟರಿಯಿಂದಾಗಿ ಈ ಗಾಡಿಗಳು ಭಾರ ಜಾಸ್ತಿ, ಟಯರ್ ಬೇಗ ಸವೆಯುತ್ತದೆ, ಆ ಪುಡಿಯೂ ಗಾಳಿಗೇ ಹೋಗುತ್ತದೆ. ಬಿಜೈ ರಸ್ತೆಯಲ್ಲಿ ಪಾರ್ಕ್ ಮಾಡಿದರೆ ಡೀಸೆಲ್ ಗಾಡಿಯಷ್ಟೇ ಜಾಗ ಬೇಕು. ಪ್ಯಾರಿಸ್‌ನವರು ಎಲೆಕ್ಟ್ರಿಕ್‌ಗೆ ಮಿತಿಯನ್ನು ಎರಡು ಟನ್‌ಗೆ ಏರಿಸಿದರು, ಪೂರ್ತಿ ಬಿಡಲಿಲ್ಲ. ನನಗೆ ಅದು ಸರಿ ಕಾಣುತ್ತದೆ. ಸಣ್ಣ ಎಲೆಕ್ಟ್ರಿಕ್ ಕಾರು, ಸ್ಕೂಟರ್ ಮೇಲೆ ಮಾತ್ರ ಸದ್ಯಕ್ಕೆ ಕೈ ಇಡಬಾರದು.

ಪ್ರಶ್ನೆ: ನನ್ನದು 2012ರ ಮಾಡೆಲ್ ಟೆಂಪೊ, ಮೀನು ಸಾಗಿಸುತ್ತೇನೆ. ಹಳೆಯ ಗಾಡಿ ಅಂತ ಹಸಿರು ತೆರಿಗೆ ಕಟ್ಟಿಸಿಕೊಳ್ಳುತ್ತಾರೆ. ಕಾರಿನವರು ಮೋಜಿಗೆ ಓಡಿಸುತ್ತಾರೆ, ನಾನು ಹೊಟ್ಟೆಗೆ ಓಡಿಸುವುದು. ಹೊಸದು ತೆಗೆದುಕೊಳ್ಳುವಷ್ಟು ದುಡ್ಡಿಲ್ಲ. ಇದು ಯಾವ ನ್ಯಾಯ ಅಣ್ಣ?
— ಓದುಗರು, ಮಲ್ಪೆ

ಉತ್ತರ: ತಮ್ಮ, ಇದಕ್ಕೆ ಉತ್ತರ ಬರೆಯಲು ನನಗೆ ಕಷ್ಟವಾಯಿತು. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. 2021ರ ಜನವರಿಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹಸಿರು ತೆರಿಗೆಯ ಪ್ರಸ್ತಾವ ಮಾಡಿದಾಗ ಒಂದು ಲೆಕ್ಕ ಕೊಟ್ಟಿತ್ತು. ದೇಶದ ಗಾಡಿಗಳಲ್ಲಿ ವಾಣಿಜ್ಯ ಗಾಡಿಗಳು ಸುಮಾರು ಶೇ. 5, ಗಾಡಿಗಳ ಹೊಗೆಯಲ್ಲಿ ಅವುಗಳ ಪಾಲು ಶೇ. 65ರಿಂದ 70. ಹಾಗಾಗಿ ನಿಮ್ಮ ಟೆಂಪೊವನ್ನು ಬಿಟ್ಟುಬಿಡಿ ಅಂತ ನಾನು ಹೇಳಲಾರೆ. ಬಂದರಿನಲ್ಲಿ ಆ ಹೊಗೆ ಮೊದಲು ಕುಡಿಯುವವರು ನೀವು, ಮತ್ತೆ ಮೀನು ಆರಿಸಲು ಕೂತ ಹೆಂಗಸರು.

ಆದರೆ ಹಸಿರು ತೆರಿಗೆ ನೋಡುವುದು ಗಾಡಿಯ ವಯಸ್ಸನ್ನು. ಪಂಪ್, ಇಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನೋಝಲ್ ಸರಿ ಇಟ್ಟುಕೊಂಡ ಹಳೆಯ ಗಾಡಿಗೂ, ಹೊಗೆ ಕಾರುವ ಹಳೆಯ ಗಾಡಿಗೂ ಒಂದೇ ಮೊತ್ತ. ಇದೂ ಬೆಲೆ ಅಳೆದ ಹಾಗೆಯೇ ತಪ್ಪು ಅಳತೆ. ನಿಮ್ಮದು ಬಿಎಸ್-3. ಎಮಿಷನ್ ಟೆಸ್ಟಿನಲ್ಲಿ ಹೊಗೆ ಎಷ್ಟು ದಟ್ಟ ಅಂತ ತೋರಿಸುವ ಅಂಕಿಯ ಮಿತಿ ನಿಮ್ಮದಕ್ಕೆ 2.45, ಬಿಎಸ್-4ಕ್ಕೆ 1.62. ಟೆಸ್ಟಿನಲ್ಲಿ 1.62ರ ಒಳಗೆ ಬಂದ ಹಳೆಯ ಗಾಡಿಗೆ ಹಸಿರು ತೆರಿಗೆಯಲ್ಲಿ ರಿಯಾಯಿತಿ ಕೊಡಲಿ. ಹೊಸ ಗಾಡಿಯ ಸಾಲಕ್ಕೆ ಬಡ್ಡಿ ಕಡಿಮೆ ಮಾಡಲಿ. ದೊಡ್ಡ ಗಾಡಿಗಳಿಂದ ಬಂದ ತೆರಿಗೆಯಲ್ಲಿ ಒಂದು ಪಾಲು ಅದಕ್ಕೇ ಹೋಗಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಅಷ್ಟರವರೆಗೆ ನಮ್ಮ ಕೈಯಲ್ಲಿ ಆಗುವುದು ಮಾಡುವ. ಜೂನ್, ಜುಲೈಯಲ್ಲಿ ಟ್ರಾಲಿಂಗ್ ನಿಷೇಧ ಇರುವಾಗ ನಿಮ್ಮ ಗಾಡಿ ಹೇಗೂ ನಿಂತಿರುತ್ತದೆ, ಅಲ್ವಾ? ಆಗ ನಾಲ್ಕೂ ನೋಝಲ್ ಬಿಚ್ಚಿಸಿ, ಟೆಸ್ಟ್ ಪಂಪಿಗೆ ಹಾಕಿಸಿ, ನೀವೇ ಪಕ್ಕದಲ್ಲಿ ನಿಂತು ನೋಡಿ. ಡೀಸೆಲ್ ಮಂಜಿನ ಹಾಗೆ ಹರಡಿದರೆ ನೋಝಲ್ ಸರಿ ಉಂಟು. ತುದಿಯಲ್ಲಿ ಹನಿ ತೊಟ್ಟಿಕ್ಕಿದರೆ ಬದಲಾಯಿಸಿ. ಏರ್ ಫಿಲ್ಟರನ್ನು ಗಾಳಿ ಹೊಡೆಸಿ ಮತ್ತೆ ಮತ್ತೆ ಹಾಕಬೇಡಿ, ಹೊಸದೇ ಹಾಕಿ. ಹೊಗೆ ಎಷ್ಟು ಇಳಿಯಿತು ಅಂತ ಟೆಸ್ಟಿನ ಚೀಟಿ ನೋಡಿ ನನಗೆ ಬರೆಯಿರಿ.