ಕಾವೇರಿ ಪೈಪು ಬಂದಿದೆ, ನೀರು ಬಂದಿದೆಯಾ?

ಪ್ರಶ್ನೆ: ಮಗ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಕೆಲಸಕ್ಕಿದ್ದಾನೆ. ಸರ್ಜಾಪುರ ರಸ್ತೆ ಕಡೆ ಫ್ಲ್ಯಾಟ್ ನೋಡಿದ್ದೇವೆ. ‘ಕಾವೇರಿ ಬಂದಿದೆ’ ಅನ್ನುತ್ತಾರೆ. ಮುಂಗಡ ಕೊಡಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸ್ವಲ್ಪ ತಡೆಯಿರಿ ಸಾರ್. ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು ನಿಜ. ಆದರೆ ಅದು ಬೆಂಗಳೂರು ಪಾಲಿಕೆಗೆ (ಆಗಿನ ಬಿಬಿಎಂಪಿ) ಸೇರಿದ್ದ 110 ಹಳ್ಳಿಗಳಿಗೆ. ನಿಮ್ಮ ಫ್ಲ್ಯಾಟ್ ಅದರೊಳಗಿದೆಯಾ, ಪಂಚಾಯಿತಿಯಲ್ಲಿದೆಯಾ? ರಸ್ತೆಯಲ್ಲಿ ಪೈಪಿದ್ದರೆ ಸಾಲದು, ಅಪಾರ್ಟ್‌ಮೆಂಟಿನವರು ದುಡ್ಡು ಕಟ್ಟಿ ಸಂಪರ್ಕ ತಗೊಂಡಿರಬೇಕು. ಸುಮ್ನೆ ಮಾತು ಬೇಡ, ಜಲಮಂಡಳಿ ಬಿಲ್ ತೋರಿಸಿ ಅನ್ನಿ.

ನಾನು ಇದೇ ಕಡೆಯ ಅಪಾರ್ಟ್‌ಮೆಂಟೊಂದರ ಸಂಘದ ಲೆಕ್ಕ ಬರೆಯುವವಳು. ಬೇಸಿಗೆಯಲ್ಲಿ ಟ್ಯಾಂಕರ್ ಬಿಲ್ಲೇ ಮೇಂಟೆನೆನ್ಸ್ ದುಡ್ಡನ್ನು ನುಂಗುತ್ತದೆ. ನಮ್ಮ ಗೇಟಿನಲ್ಲಿ ಸೆಕ್ಯುರಿಟಿಯವರ ಹತ್ತಿರ ಒಂದು ನೋಟ್‌ಬುಕ್ ಇದೆ: ಟ್ಯಾಂಕರ್ ನಂಬರು, ಬಂದ ಹೊತ್ತು, ಡ್ರೈವರ್ ಸಹಿ. ನೀವು ನೋಡಿದ ಕಡೆಯೂ ಅಂಥದ್ದು ಇದ್ದರೆ ಏಪ್ರಿಲ್ ತಿಂಗಳ ಪುಟ ತೆರೆಸಿ. ಬಣ್ಣದ ಬ್ರೋಷರ್‌ನಲ್ಲಿ ಈ ಪುಟ ಇರಲ್ಲ, ಅಲ್ವಾ?

ಖಾತಾ, ಇಸಿ (ಋಣಭಾರ ಪತ್ರ), ಓಸಿ (ವಾಸಕ್ಕೆ ಒಪ್ಪಿಗೆ ಪತ್ರ), ರೇರಾ (ರಿಯಲ್ ಎಸ್ಟೇಟ್ ಪ್ರಾಧಿಕಾರ) ನಂಬರು ಎಲ್ಲ ವಕೀಲರಿಗೆ ಬಿಡಿ. ಅವರು ಬಿಲ್ಡರ್ ತೋರಿಸಿದ ವಕೀಲರಾಗಿರಬಾರದು ಅಷ್ಟೇ.

ರಾಜಕಾಲುವೆ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಎಷ್ಟು ದೂರ ಅಂತ ಮಾತ್ರ ನೀವೇ ನಡೆದು ನೋಡಿ. 2022ರ ಸೆಪ್ಟೆಂಬರ್ ಮಳೆಗೆ ಈ ಭಾಗದ ಕೋಟಿ ಬೆಲೆಯ ಮನೆಯವರೂ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು. ಇನ್ನು, ಜಾಗ ನೋಡಲು ಭಾನುವಾರ ಹೋಗಬೇಡಿ. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಅಲ್ಲಿಂದ ಮಗನ ಆಫೀಸಿಗೆ ಹೊರಡಿ. ಮುಂಗಡದ ಮಾತು ಆಮೇಲೆ.