ಬೊಜ್ಜು ಇರುವವರಲ್ಲಿ ಉರಿಯೂತದಿಂದ ಕಾರ್ಟಿಸಾಲ್ ಹೆಚ್ಚುತ್ತದೆಯೇ?

ಒತ್ತಡದ ಹಾರ್ಮೋನು ಎನಿಸಿಕೊಂಡ ಕಾರ್ಟಿಸಾಲ್ ಹೆಚ್ಚಬಹುದು. ಆದರೆ ರಕ್ತಪರೀಕ್ಷೆಯಲ್ಲಿ ಅದು ಕಾಣಲೇಬೇಕೆಂದಿಲ್ಲ.

ಹೊಟ್ಟೆಯೊಳಗೆ ಕರುಳಿನ ಸುತ್ತ ಸೇರಿಕೊಳ್ಳುವ ಕೊಬ್ಬು ಸುಮ್ಮನೆ ಬಿದ್ದಿರುವುದಿಲ್ಲ. ಕೊಬ್ಬಿನ ಕೋಶಗಳು ಉಬ್ಬುತ್ತಾ ಹೋದಂತೆ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಅಲ್ಲಿ ಜಮಾಯಿಸುತ್ತವೆ. ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-6 ಮುಂತಾದ ಉರಿಯೂತದ ರಾಸಾಯನಿಕಗಳು ಹೊರಬೀಳುತ್ತವೆ. ಜ್ವರವಿಲ್ಲ, ನೋವಿಲ್ಲ, ಆದರೂ ವರ್ಷಗಟ್ಟಲೆ ಇದು ನಡೆದೇ ಇರುತ್ತದೆ. ಈ ರಾಸಾಯನಿಕಗಳು ಮೆದುಳಿನ ಹೈಪೋಥಲಾಮಸ್ ಎಂಬ ಭಾಗವನ್ನು ಕೆರಳಿಸುತ್ತವೆ. ಅಲ್ಲಿಂದ ಮೆದುಳಿನ ತಳದ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿಯಿಂದ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಸೂಚನೆ ಹೋಗಿ ಕಾರ್ಟಿಸಾಲ್ ಸ್ರವಿಸುತ್ತದೆ.

ಉರಿಯೂತವನ್ನು ತಣಿಸುವುದು ಕಾರ್ಟಿಸಾಲ್‌ನ ಕೆಲಸಗಳಲ್ಲೊಂದು. ಆದರೆ ಉರಿಯೂತ ಬಹುಕಾಲ ಉಳಿದರೆ ಕೋಶಗಳು ಕಾರ್ಟಿಸಾಲ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ, ಹಾಗಾಗಿ ಎರಡೂ ಜೊತೆಜೊತೆಗೇ ಉಳಿಯಬಹುದು.

ಹೆಚ್ಚಿನವರು ಗಮನಿಸದ ಸಂಗತಿ ಇನ್ನೊಂದಿದೆ. ಕೊಬ್ಬಿನೊಳಗೇ 11-ಬೀಟಾ-ಎಚ್‌ಎಸ್‌ಡಿ-1 ಎಂಬ ಕಿಣ್ವವಿದ್ದು, ನಿಷ್ಕ್ರಿಯ ಕಾರ್ಟಿಸೋನನ್ನು ಅದು ಕಾರ್ಟಿಸಾಲ್ ಆಗಿ ಬದಲಾಯಿಸುತ್ತದೆ. ಟಿಎನ್‌ಎಫ್-ಆಲ್ಫಾ ಈ ಕಿಣ್ವವನ್ನು ಹೆಚ್ಚಿಸುತ್ತದೆ. ಅಂದರೆ ಹಾರ್ಮೋನು ಕೊಬ್ಬಿನಲ್ಲೇ ತಯಾರಾಗಿ, ಅಲ್ಲೇ ಇನ್ನಷ್ಟು ಕೊಬ್ಬು ಕೂಡುವಂತೆ ಮಾಡಬಲ್ಲದು. ಇತ್ತ ದೇಹ ಕಾರ್ಟಿಸಾಲನ್ನು ಬೇಗ ಹೊರಹಾಕುವುದರಿಂದ ರಕ್ತದ ಮಟ್ಟ ಎಷ್ಟೋ ಸಲ ನಾರ್ಮಲ್ ಎಂದೇ ಬರುತ್ತದೆ. ತೂಕ ಇಳಿಯದಿರುವುದನ್ನು ಬರೀ ಮನೋಬಲದ ಕೊರತೆ ಎನ್ನುವವರು ಇದನ್ನು ದಯವಿಟ್ಟು ಗಮನಿಸಬೇಕು.

ಬರೀ ತೂಕ ಹೆಚ್ಚಿದೆಯೆಂದು ನೀವಾಗಿಯೇ ಲ್ಯಾಬಿಗೆ ಹೋಗಿ ಕಾರ್ಟಿಸಾಲ್ ಪರೀಕ್ಷೆ ಮಾಡಿಸಬೇಡಿ. ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು, ಸ್ವಲ್ಪ ತಾಗಿದರೂ ಚರ್ಮ ನೀಲಿಗಟ್ಟುವುದು, ಕುಳಿತಲ್ಲಿಂದ ಏಳಲು ತೊಡೆಯಲ್ಲಿ ಬಲವಿಲ್ಲದಿರುವುದು ಕಂಡರೆ ಮಾತ್ರ ಕುಶಿಂಗ್ ಸಿಂಡ್ರೋಮ್ (ದೇಹದಲ್ಲಿ ಕಾರ್ಟಿಸಾಲ್ ವಿಪರೀತವಾಗುವ ಕಾಯಿಲೆ) ಇರಬಹುದೇ ಎಂದು ಹಾರ್ಮೋನ್ ತಜ್ಞರಲ್ಲಿ ತೋರಿಸಿ. ಕಾರ್ಟಿಸಾಲ್‌ನಂತೆಯೇ ಕೆಲಸ ಮಾಡುವ ಸ್ಟೆರಾಯ್ಡ್ ಮಾತ್ರೆ, ಮುಲಾಮು ಬಳಸುತ್ತಿದ್ದರೆ ಅದನ್ನೂ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.