ರೋಬೋಟ್ ಮಂಡಿ ಆಪರೇಷನ್: ಭಯ, ಬೇಸರ

ಪ್ರಶ್ನೆ: ಅಮ್ಮನಿಗೆ ರೋಬೋಟ್ ನೆರವಿನ ಮಂಡಿ ಕೀಲು ಬದಲಾವಣೆ ನಿಗದಿಯಾಗಿದೆ. ‘ಯಂತ್ರದ ಕೈಗೆ ಕಾಲು ಕೊಟ್ಟು ಮಲಗಲ್ಲ’ ಎಂದು ಹಟ ಹಿಡಿದಿದ್ದಾರೆ. ಹೇಗೆ ಧೈರ್ಯ ಹೇಳಲಿ?

ಉತ್ತರ: ಅರ್ಧ ಭಯ ಆ ಹೆಸರಿನದೇ. ಬಹುಪಾಲು ಯಂತ್ರಗಳಲ್ಲಿ ಗರಗಸ ನಡೆಸುವುದು ಸರ್ಜನ್ನೇ. ಗೊತ್ತುಮಾಡಿದ ಗಡಿ ದಾಟಲು ಯಂತ್ರದ ತೋಳು ಬಿಡುವುದಿಲ್ಲ. ತಾನೇ ಮೂಳೆ ಕೊರೆಯುವ ಯಂತ್ರಗಳೂ ಇವೆ. ಅವುಗಳನ್ನು ನಿಲ್ಲಿಸುವ ಗುಂಡಿ ಸರ್ಜನ್ ಬಳಿಯೇ ಇರುತ್ತದೆ. ನಿಮ್ಮದು ಯಾವ ಬಗೆ ಎಂದು ಕೇಳಿಕೊಳ್ಳಿ. ಮೂಳೆ ಎಲ್ಲಿದೆ ಎಂದು ಯಂತ್ರಕ್ಕೆ ತೋರಿಸಲು ಮೂಳೆಗೆ ಕೂರಿಸಿದ ಗುರುತುಕಡ್ಡಿ ಸಡಿಲಾದರೆ ಯಂತ್ರದ ಲೆಕ್ಕ ತಪ್ಪುತ್ತದೆ. ಆಗ ಮತ್ತೆ ಅಳೆಯುತ್ತಾರೆ, ಇಲ್ಲವೇ ಕೈಸಲಕರಣೆಗಳಲ್ಲೇ ಕೆಲಸ ಮುಗಿಸುತ್ತಾರೆ.

ಆ ಕಡ್ಡಿಗಳ ವಿಷಯ ಅಮ್ಮನಿಗೆ ಈಗಲೇ ಹೇಳಿಬಿಡಿ. ತೊಡೆ ಮೂಳೆಗೂ ಮೊಣಕಾಲ ಕೆಳಗಿನ ಮೂಳೆಗೂ ಅವನ್ನು ಕೂರಿಸುವುದರಿಂದ, ದೊಡ್ಡ ಗಾಯದ ಆಚೆ ಪುಟ್ಟ ಗಾಯಗಳು ಕಾಣಬಹುದು. ಗೊತ್ತಿಲ್ಲದವರು ಅದನ್ನು ಕಂಡು ಗಾಬರಿಯಾಗುತ್ತಾರೆ. ಬೆನ್ನಿಗೆ ಅರಿವಳಿಕೆ ಕೊಟ್ಟರೆ ನೋವು ತಿಳಿಯದು, ಆದರೆ ಗರಗಸದ ಗುಂಯ್‌ಗುಡುವಿಕೆ, ಸುತ್ತಿಗೆಯ ಟಕ್ ಟಕ್ ಕೇಳಿಸಬಹುದು. ಮಂಪರಿನ ಮದ್ದೋ ಹೆಡ್‌ಫೋನೋ ಬೇಕಿದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ.

ಪ್ರಶ್ನೆ: ಆಪರೇಷನ್ ಆಗಿ 5 ವಾರ. ಎಕ್ಸ್‌ರೇ ಚೆನ್ನಾಗಿದೆಯಂತೆ. ನನಗೋ ನಿದ್ದೆಯಿಲ್ಲ, ಮಂಡಿ ಬೆಚ್ಚಗಿದೆ, ಹೊರಬದಿ ಜೋಮು. ಸುಮ್ಮಸುಮ್ಮನೆ ಅಳು ಬರುತ್ತದೆ. ರೋಬೋಟ್‌ನಲ್ಲಿ ಮಾಡಿಸಿಯೂ ಹೀಗೇಕೆ?

ಉತ್ತರ: ರೋಬೋಟ್ ನಿಖರತೆ ತರುವುದು ಮೂಳೆಯ ಕೊಯ್ತಕ್ಕೆ, ಕೀಲಿನ ಜೋಡಣೆಗೆ. ಚರ್ಮ, ಕೀಲಿನ ಪೊರೆ ಬಿಡಿಸುವುದು ಇಂದಿಗೂ ಸರ್ಜನ್ನಿನ ಚಾಕುವೇ. ಈಗಿನ ನೋವು, ಬಾವು ಹೆಚ್ಚಾಗಿ ಅಲ್ಲಿನದು. ‘ನಿಖರ’ ಎಂದದ್ದನ್ನು ‘ನೋವಿಲ್ಲ’ ಎಂದು ಕೇಳಿಸಿಕೊಂಡವರಿಗೇ ನಿರಾಸೆ ಜಾಸ್ತಿ. (ಜಾಹೀರಾತುಗಳೂ ಹಾಗೆಯೇ ಕೇಳಿಸುತ್ತವೆ, ಬಿಡಿ.) ಬಿಸಿ, ಬಾವು ತಿಂಗಳುಗಟ್ಟಲೆ ಇರಬಹುದು. ಜೋಮು ಚರ್ಮದ ಸಣ್ಣ ನರ ತುಂಡಾದದ್ದರಿಂದ. ಹರವು ಕುಗ್ಗುತ್ತದೆ, ಸ್ವಲ್ಪ ಉಳಿದರೂ ಉಳಿದೀತು. ಕಾಲು ಪೂರ್ತಿ ಹದಕ್ಕೆ ಬರಲು ವರ್ಷವೇ ಹಿಡಿಯಬಹುದು.

ಈ ಹೊತ್ತಿನ ಅಳು ಅಪರೂಪವಲ್ಲ. ನೋಡಲು ಜನ ಬರುವುದು ನಿಂತಿರುತ್ತದೆ, ಬಲವಾದ ನೋವಿನ ಮಾತ್ರೆಯೂ ನಿಂತಿರುತ್ತದೆ, ನಿದ್ದೆ ಮಾತ್ರ ಮರಳಿರುವುದಿಲ್ಲ. ಈಗ ಬರೆದುಕೊಟ್ಟಿರುವ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ-ಮುಕ್ಕಾಲು ಗಂಟೆ ಮೊದಲು ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ವ್ಯಾಯಾಮದ ನಂತರ ಬಟ್ಟೆ ಸುತ್ತಿದ ಐಸ್ 15–20 ನಿಮಿಷ ಇಡಿ. ಮಂಡಿ ಎಷ್ಟು ಡಿಗ್ರಿ ಮಡಚಿತೆಂದು ವಾರಕ್ಕೊಮ್ಮೆ ಬರೆದಿಡಿ. ದಿನಾ ಅಳೆದರೆ ಏರಿಳಿತವೇ ಕಂಗೆಡಿಸುತ್ತದೆ. 2 ವಾರ ಬಿಡದೆ ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲ ಎಂದಾದರೆ ಮನೋವೈದ್ಯರನ್ನು ಕಾಣಿ. ಮೀನಖಂಡ ಊದಿ ನೋಯುವುದು, ಗಾಯ ಸೋರುವುದು, ಜ್ವರ ಕಂಡರೆ ಅಂದೇ ಸರ್ಜನ್‌ಗೆ ತಿಳಿಸಿ. ಉಸಿರು ಕಟ್ಟಿದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ.